ಕಡವಿನ ಕಿವಿ

ಪದ್ಮನಾಭನ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ನೀವು ನಂಬುವುದಿಲ್ಲ. ಯಾರಿಗಾದರೂ ಉಪಕಾರ ಮಾಡಬೇಕು ಅಂತ ಅವನ ತಲೆಗೆ ಹೊಳೆದರೆ ಮುಗಿಯಿತು, ಉಪಕಾರ ಪಡೆದವನು ಮೂರು ತಿಂಗಳು ಚೇತರಿಸಿಕೊಳ್ಳಬೇಕಾಗುತ್ತದೆ. ನಾನು ಗಿರೀಶ್, ದರ್ಜಿ. ದೋಣಿ ನಿಲ್ಲುವ ಕಡವಿನ ದಿಬ್ಬದ ಮೇಲೆ ನನ್ನ ಅಂಗಡಿಗೂ ಅವನ ರೇಡಿಯೋ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ಹಲಗೆ ಗೋಡೆ. ಇಪ್ಪತ್ತೆರಡು ವರ್ಷದಿಂದ ಅವನ ಉಪಕಾರಗಳೆಲ್ಲ ಆ ಹಲಗೆಯ ಸಂದಿನಿಂದ ಮೊದಲು ನನ್ನ ಕಡೆಗೇ ತೂರಿ ಬರುವುದು.

ನಮ್ಮ ಕಡವು ಇರುವುದು ಪೆರಿಕಲ್ಲೂರಿಗೂ ಕೊಳವಳ್ಳಿಗೂ ನಡುವೆ. ನಮ್ಮ ದಡ ಕೇರಳದ ವಯನಾಡು, ಎದುರು ದಡ ಕರ್ನಾಟಕ, ನಡುವೆ ಕಬಿನಿ. ಪಂಚಾಯತಿನ ದೋಣಿ ಒಂದು, ದೋಣಿಯವನು ರಾಮನ್ ಒಬ್ಬ. ಆಚೆ ದಡದಲ್ಲಿ ಫೋನಿಗೆ ರೇಂಜ್ ಇಲ್ಲ. ಅಲ್ಲಿ ನಿಂತವರಿಗೆ ದೋಣಿ ಬೇಕಾದರೆ ಬಾಯಿಗೆ ಕೈ ಅಡ್ಡ ಹಿಡಿದು "ಪೂ…ಯ್" ಎಂದು ಕೂಗಬೇಕು. ನಮ್ಮಲ್ಲಿ ಒಬ್ಬೊಬ್ಬರ ಪೂಯ್ ಒಂದೊಂದು ಥರ, ಹೆಸರು ಹೇಳುವ ಅಗತ್ಯವೇ ಇಲ್ಲ. ಹೆರಿಗೆ ನೋವಿನ ಪೂಯ್ ಬೇರೆ, ಶುಂಠಿ ವ್ಯಾಪಾರಿಯ ಪೂಯ್ ಬೇರೆ, ಮಾವನ ಮನೆಯಲ್ಲಿ ಜಗಳವಾಡಿ ಬಂದ ಅಳಿಯನ ಪೂಯ್ ಬೇರೆ. ರಾಮನ್ ಶೆಡ್ಡಿನಲ್ಲಿ ಬಲೆ ನೇಯುತ್ತ ಕೂತಲ್ಲೇ, "ಇವನಿಗೆ ಅವಸರ ಇಲ್ಲ, ಬೀಡಿ ಮುಗೀಲಿ" ಎಂದೋ "ಅಯ್ಯೋ, ಇದು ಆಸ್ಪತ್ರೆ" ಎಂದೋ ತೀರ್ಮಾನ ಮಾಡಿ ಏಳುವವನು. ಅವನ ಅಪ್ಪ ಹಾಗೆ, ಅಪ್ಪನ ಅಪ್ಪನೂ ಹಾಗೆ.

ಈ ವರ್ಷ ಪಂಚಾಯತಿನಿಂದ ಒಂದು ಕಾಗದ ಬಂತು. ದೋಣಿಯವರು ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಕೊಡಬೇಕು. ಇಲ್ಲದಿದ್ದರೆ ದೋಣಿಯಿಂದ ಇಳಿಸಲಾಗುವುದು. ಬೇರೆಯವರು ಸಿಗದಿದ್ದರೆ ಕಡವನ್ನೇ ಮುಚ್ಚಲಾಗುವುದು. ಕಾಗದ ಬಂದ ಮಧ್ಯಾಹ್ನವೇ ಪದ್ಮನಾಭನ್ ನನ್ನ ಅಂಗಡಿಗೆ ನುಗ್ಗಿ ಬಾಗಿಲು ಅರ್ಧ ಮುಚ್ಚಿದ.

"ಗಿರೀಶಾ, ಒಂದು ಗುಟ್ಟು. ನಿನ್ನ ತಾಯಿ ಮೇಲೆ ಆಣೆ, ಯಾರಿಗೂ ಹೇಳಬಾರದು."

"ಗುಟ್ಟು ನಿನ್ನದು, ಆಣೆಗೆ ನನ್ನ ತಾಯಿ ಯಾಕಪ್ಪಾ?"

"ರಾಮನ್‌ಗೆ ಕಿವಿ ಕೇಳಲ್ಲ."

ನಾನು ಕತ್ತರಿ ಕೆಳಗಿಟ್ಟು, ತಕ್ಕಷ್ಟು ಬೆಚ್ಚಿಬಿದ್ದೆ. ಅವತ್ತು ಬೆಳಿಗ್ಗೆ ಕಾಗದ ಓದಿ ಹೇಳಲು ಹೋದಾಗ ಅವನಿಗೆ ಗೊತ್ತಾಯಿತಂತೆ. ಹಿಂದಿನಿಂದ ನಾಲ್ಕು ಸಲ ಕರೆದರೂ ರಾಮನ್ ತಿರುಗಲಿಲ್ಲವಂತೆ. ಕೊನೆಗೆ ಮುಂದೆ ಹೋಗಿ ನಿಂತು ಕೈಸನ್ನೆಯಲ್ಲಿ ಕೇಳಿದಾಗ ರಾಮನ್ ಅತ್ತೇಬಿಟ್ಟನಂತೆ. "ದೋಣಿಯಿಂದ ಇಳಿಸಿದ್ರೆ ನಾನು ಎಲ್ಲಿಗೆ ಹೋಗ್ಲಿ ಪದ್ಮಾ? ನೆಲದ ಮೇಲೆ ನಡೆಯೋಕೇ ನಂಗೆ ಸರಿಯಾಗಿ ಬರಲ್ಲ," ಅಂದನಂತೆ. ರಾಮನ್ ಇಲ್ಲದ ಕಡವನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ.

"ಏನು ಮಾಡೋದು?" ಎಂದೆ. ಕೇಳಬಾರದಿತ್ತು.

"ನಾನೊಂದು ಕಿವಿ ಮಾಡ್ತೀನಿ," ಎಂದ.

ಹದಿನೈದು ದಿನದಲ್ಲಿ ಕೊರಿಯರ್‌ನಲ್ಲಿ ಒಂದು ಡಬ್ಬಿ ಬಂತು. ಒಳಗೆ ಅಂಗೈಯಗಲದ ಹಸಿರು ಬೋರ್ಡು.

"ಇದು ಕಂಪ್ಯೂಟರ್," ಎಂದ.

"ಪರದೆ ಎಲ್ಲಿ?"

"ಬೇಕಾದಾಗ ಟೀವಿಗೆ ಸಿಕ್ಕಿಸೋದು."

"ಗುಂಡಿಗಳು?"

"ಬೇಕಾದಾಗ ತರೋದು."

"ಹಾಗಾದ್ರೆ ಕಂಪ್ಯೂಟರ್ ಎಲ್ಲಿದೆ ಮಾರಾಯಾ?"

ಅವನು ನನ್ನನ್ನು ಕನಿಕರದಿಂದ ನೋಡಿ ಯೋಜನೆ ವಿವರಿಸಿದ. ದೋಣಿ ಶೆಡ್ಡಿನ ಮಾಡಿನ ಕೆಳಗೆ ಒಂದು ಮೈಕು. ಆಚೆ ದಡದ ಪೂಯ್ ಮೈಕಿಗೆ ಬಿದ್ದರೆ ಕಂಪ್ಯೂಟರ್ ಅದನ್ನು ಗುರುತಿಸಿ, ರಾಮನ್ ಕೂರುವ ಜಾಗದ ಎದುರು, ಮುಂದೆ ತೂತು ಕೊರೆದ ಬಿಸ್ಕತ್ತಿನ ಡಬ್ಬಿಯೊಳಗೆ ಇಟ್ಟ ಕೆಂಪು ಬಲ್ಬು ಹೊತ್ತಿಸುತ್ತದೆ. ರಾಮನ್ ಏಳುತ್ತಾನೆ. ನೋಡಿದವರಿಗೆ ಕಿವಿ ಕೇಳಿಸಿಯೇ ಎದ್ದ ಹಾಗಿರುತ್ತದೆ. ಯೋಜನೆಯೇನೋ ಸರಳವಾಗಿತ್ತು, ಪದ್ಮನಾಭನ್ ಯೋಜನೆಗಳೆಲ್ಲ ಮೊದಲ ದಿನ ಸರಳವೇ.

ಮೂರನೇ ದಿನ ಹಲಗೆಯ ಆಚೆಯಿಂದ ನಿಟ್ಟುಸಿರು ಕೇಳಿಸಿತು. "ಗಿರೀಶಾ, ಮೋಸ ಆಯ್ತು. ಈ ಕಂಪ್ಯೂಟರ್‌ಗೂ ಕಿವಿ ಇಲ್ಲ."

"ಅಂದ್ರೆ?"

"ಮೈಕ್ ಸಿಕ್ಕಿಸೋಕೆ ತೂತೇ ಇಟ್ಟಿಲ್ಲ. ಸೌಂಡ್ ಕಾರ್ಡ್ ಅಂತ ಬೇರೆ ತರಿಸ್ಬೇಕಂತೆ."

ಒಬ್ಬ ಕಿವುಡನ ಸಹಾಯಕ್ಕೆ ಇನ್ನೊಬ್ಬ ಕಿವುಡನನ್ನು ಕೊರಿಯರ್‌ನಲ್ಲಿ ಕರೆಸಿದ ಮನುಷ್ಯನಿಗೆ ನಾನು ಏನು ಹೇಳಲಿ? ಸೌಂಡ್ ಕಾರ್ಡೂ ಬಂತು. ಕಂಪ್ಯೂಟರಿನ ತಲೆಯ ಮೇಲೆ ಕೂರಿಸುವಂಥದ್ದು, ಚಿನ್ನದ ಬಣ್ಣದ ತೂತುಗಳು, ನೋಡಲು ಬಲು ಚೆಂದ. ಹಾಡು ಹಾಕಿದರೆ ನನ್ನ ಹೊಲಿಗೆ ಯಂತ್ರದ ಸೂಜಿ ನಡುಗುವಷ್ಟು ಸ್ಪಷ್ಟ ದನಿ. ಆದರೆ ಆ ತೂತುಗಳೆಲ್ಲ ಸ್ಪೀಕರಿಗೆ. ಮೈಕಿಗೆ ಒಂದೂ ಇಲ್ಲ. ಹೊರಗೆ ಕೂಗುವ ಕಾರ್ಡು, ಒಳಗೆ ಕೇಳಿಸಿಕೊಳ್ಳುವ ಕಾರ್ಡು ಅಂತ ಎರಡು ಜಾತಿ ಇದೆ ಎಂಬುದು ಆಮೇಲೆ ತಿಳಿಯಿತು.

"ಬಾಯಿ ಬಂತು ಗಿರೀಶಾ, ಕಿವಿ ಬಂದಿಲ್ಲ."

"ಬಾಯಿ ನಿನಗೆ ಮೊದಲೇ ಇತ್ತಲ್ಲ," ಎಂದೆ.

ಮೂರನೆಯದಾಗಿ ಹೆಬ್ಬೆರಳು ಗಾತ್ರದ ಇನ್ನೊಂದು ಸೌಂಡ್ ಕಾರ್ಡ್ ಬಂತು. ಅದಕ್ಕೆ ಹಸಿರು ತೂತೊಂದು, ಗುಲಾಬಿ ತೂತೊಂದು. ಮೈಕು ಗುಲಾಬಿಗೆ. ಪದ್ಮನಾಭನ್ ನಾಲ್ಕು ದಿನ ಹಸಿರಿಗೆ ಸಿಕ್ಕಿಸಿ ಕಾರ್ಡು ಕೆಟ್ಟಿದೆ ಅಂತ ಕಂಪನಿಗೆ ಬೈದು ಮೂರು ಪುಟದ ಪತ್ರ ಬರೆದ. ಐದನೇ ದಿನ ಗುಲಾಬಿಗೆ ಸಿಕ್ಕಿಸಿ, ಆ ಪತ್ರ ಹರಿದು ನನ್ನ ಕಸದ ಬುಟ್ಟಿಗೆ ಹಾಕಿದ.

ಯಂತ್ರಕ್ಕೆ ಪೂಯ್ ಅಂದರೇನು ಅಂತ ಕಲಿಸಬೇಕಿತ್ತು. ಅದಕ್ಕೆ ಮಾದರಿ ಬೇಕು. "ಹಳೇ ಕಾಲದ ಕೂಗುಗಳನ್ನ ರೆಕಾರ್ಡ್ ಮಾಡಿ ಇಡ್ತಿದ್ದೀನಿ, ಮುಂದಿನ ಪೀಳಿಗೆಗೆ," ಅಂತ ಸುಳ್ಳು ಹೇಳಿ ಕಡವಿನವರನ್ನೆಲ್ಲ ಅಂಗಡಿಗೆ ಕರೆದ. ಚಹಾದಂಗಡಿಯ ಲೀಲ ಸೆರಗು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ, ನಾಲ್ಕು ಗೋಡೆ ಒಳಗೆ ಕೂಗೋಕೆ ನಂಗೆ ನಾಚ್ಕೆ," ಎಂದವಳು ಆಮೇಲೆ ಕೂಗಿದ್ದಕ್ಕೆ ನನ್ನ ಗೋಡೆಯ ಕ್ಯಾಲೆಂಡರ್ ಕಳಚಿ ಬಿತ್ತು. ಮೂರು ದಿನ ನಾನು ಒಂದು ಕಾಲರ್ ಕೂಡ ನೇರವಾಗಿ ಹೊಲಿಯಲಿಲ್ಲ.

ಅಂತೂ ಯಂತ್ರ ಶೆಡ್ಡಿಗೆ ಏರಿತು. ಮೊದಲ ದಿನ ಆಚೆ ದಡದಿಂದ ಹಾಲಿನವನು ಕೂಗಿದ. ಡಬ್ಬಿಯೊಳಗೆ ಕೆಂಪು ಬಲ್ಬು ಹೊತ್ತಿತು. ರಾಮನ್ ಎದ್ದು ಹುಟ್ಟು ಹಿಡಿದು ಹೊರಟ. ದಿಬ್ಬದ ಮೇಲೆ ನಿಂತಿದ್ದ ಪದ್ಮನಾಭನ್ ನನ್ನ ಕೈ ಹಿಡಿದು ಮುರಿಯುವಂತೆ ಒತ್ತಿದ. ಅವನ ಕಣ್ಣು ತುಂಬಿತ್ತು. ಅವತ್ತು ಒಂದು ದಿನ ನಾನು ಅವನ ಬಗ್ಗೆ ಒಳ್ಳೆಯ ಮಾತಾಡಿದೆ.

ತೊಂದರೆ ಮಾಡಿದ್ದು ಒಂದು ನವಿಲು. ಆಚೆ ದಡದ ಬಿದಿರು ಮೆಳೆಯಲ್ಲಿ ಅದೆಲ್ಲಿಂದಲೋ ಬಂದು ಸೇರಿಕೊಂಡಿತ್ತು. ನವಿಲಿನ ಕೂಗಿಗೂ ಪೂಯ್‌ಗೂ ಇರುವ ವ್ಯತ್ಯಾಸ ಹಸುಗೂಸಿಗೂ ತಿಳಿಯುತ್ತದೆ, ಆದರೆ ಸೌಂಡ್ ಕಾರ್ಡಿಗೆ ತಿಳಿಯದು. ಅದೂ ಅಲ್ಲದೆ ಪದ್ಮನಾಭನ್, ದೂರದ್ದು ಚೆನ್ನಾಗಿ ಕೇಳಿಸಲಿ ಅಂತ ಅದರ ಕೇಳುವ ಶಕ್ತಿಯನ್ನು ಪೂರ್ತಿ ಮೇಲಕ್ಕೇರಿಸಿ ಇಟ್ಟಿದ್ದ. ನವಿಲು ಎರಡು ಮೈಲಿ ಆಚೆ ಕೂಗಿದರೂ ಬಲ್ಬು ಹೊತ್ತುತ್ತಿತ್ತು. ಬಲ್ಬು ಹೊತ್ತಿದರೆ ರಾಮನ್ ಹೋಗಬೇಕು. ಹೋದ, ಯಾರೂ ಇಲ್ಲ. ಬಂದ. ಕೂತ. ಮತ್ತೆ ಬಲ್ಬು. ಮತ್ತೆ ಹೋದ. ಎರಡನೇ ದಿನ ಹದಿನಾಲ್ಕು ಸಲ ಖಾಲಿ ದೋಣಿ ಹೊಳೆ ದಾಟಿತು. ಹೋದ ತಪ್ಪಿಗೆ ದಡದಲ್ಲಿ ಬಿದ್ದಿದ್ದ ಒಂದೊಂದು ನವಿಲುಗರಿ ಎತ್ತಿಕೊಂಡು ಬಂದ.

ಲೀಲ ಚಹಾ ಸೋಸುವುದನ್ನು ಬಿಟ್ಟು ಬಾಯಿ ತೆರೆದು ನೋಡುತ್ತ ನಿಂತಳು. "ಗಿರೀಶಣ್ಣಾ, ನೋಡ್ದಾ? ಕೂಗೋರು ಇಲ್ಲ, ಕರೆಯೋರು ಇಲ್ಲ, ತಾನಾಗೇ ಹೋಗ್ತಾನೆ. ಏನೋ ದೇವರ ಕಳೆ ಬಂದಿದೆ."

ವಾರ್ಡ್ ಮೆಂಬರ್ ಗ್ರೀಷ್ಮಗೆ ದೇವರ ಕಳೆ ಕಾಣಲಿಲ್ಲ. "ಖಾಲಿ ದೋಣಿ ಹೀಗೆ ಓಡಾಡಿದ್ರೆ ಪಂಚಾಯತಿಲಿ ನಾನು ಏನಂತ ಹೇಳ್ಲಿ? ಗಿರೀಶ್ ಚೇಟಾ, ಈಗ ಎಲ್ಲರ ಕಣ್ಣೂ ಈ ಕಡವಿನ ಮೇಲಿದೆ," ಎಂದು ಪೆನ್ನು ಕಚ್ಚಿದಳು.

ಶಾಂತ ಬಂದದ್ದು ಮೂರನೇ ದಿನ. ಶಾಂತ ಅಂದರೆ ರಾಮನ್ ಹೆಂಡತಿ. ಹೆಸರಿಟ್ಟವರು ಮಗುವನ್ನು ಸರಿಯಾಗಿ ನೋಡಿರಲಿಲ್ಲ ಅನಿಸುತ್ತದೆ. ಒಂದು ಕಟ್ಟು ನವಿಲುಗರಿ ತಂದು ನನ್ನ ಮೇಜಿನ ಮೇಲೆ, ಯಾರದೋ ಮದುವೆ ರವಿಕೆಯ ಮೇಲೆ ಅಪ್ಪಳಿಸಿದಳು.

"ಚಾಪೆ ಕೆಳಗೆ ಸಿಕ್ತು. ಹದಿನಾಲ್ಕು ಗರಿ! ಆಚೆ ದಡದಲ್ಲಿ ಯಾವಳು ಕೊಟ್ಟಳು ಹೇಳಿ!"

"ಅದು ನವಿಲಿನದ್ದು ಶಾಂತ ಚೇಚಿ," ಎಂದ ಪದ್ಮನಾಭನ್ ಹಲಗೆಯ ಆಚೆಯಿಂದ ಓಡಿ ಬಂದು.

"ನವಿಲಿನದ್ದು ಅಂತ ನಂಗೂ ಗೊತ್ತು, ಎಮ್ಮೇದು ಅಂದ್ನಾ? ಯಾರೂ ಕರೀದೆ ಅವನು ಯಾಕೆ ಹೋಗ್ತಾನೆ? ಅವನಿಗೆ…" ಎಂದವಳು ಥಟ್ಟನೆ ನಿಲ್ಲಿಸಿ ನನ್ನ ಮುಖ, ಅವನ ಮುಖ ನೋಡಿ, "ಅವನಿಗೆ ಮೊಣಕಾಲು ನೋವು ಬೇರೆ," ಎಂದು ಮುಗಿಸಿದಳು. ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಬಲ್ಬಿನ ವಿಷಯ ಹೇಳಿದರೆ ಕಿವಿಯ ವಿಷಯ ಹೇಳಬೇಕು. ಕಿವಿಯ ವಿಷಯ ಹೊರಬಿದ್ದರೆ ರಾಮನ್ ದೋಣಿಯಿಂದ ಇಳಿಯಬೇಕು. ಪದ್ಮನಾಭನ್ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೇ ಸಲ ಹೊರಬಂದದ್ದು ಹೀಗೆ: "ಅದು ಹರಕೆ. ನಲ್ವತ್ತೊಂದು ಖಾಲಿ ದೋಣಿ. ಹೊಳೆಯಮ್ಮನಿಗೆ. ಮೊಣಕಾಲು ನೋವಿಗೇ."

ಇಂಥ ಹರಕೆ ವಯನಾಡಿನಲ್ಲಿ ಯಾವ ಕಾಲಕ್ಕೂ ಯಾರೂ ಹೊತ್ತದ್ದಿಲ್ಲ. ಶಾಂತ ನಂಬಿಬಿಟ್ಟಳು. ಆಮೇಲೆ ಗರಿಗಳನ್ನು ಒಂದೊಂದಾಗಿ ಎತ್ತಿ ಕಣ್ಣಿಗೆ ಒತ್ತಿಕೊಂಡು, "ನಂಗೆ ಒಂದು ಮಾತು ಹೇಳಬಾರದಾ ಪಾಪ," ಎಂದು ಮೂಗು ಒರೆಸಿಕೊಳ್ಳುತ್ತ ಹೋದಳು.

ನಾನು ಪದ್ಮನಾಭನನ್ನು ನೋಡಿದೆ. "ಬೇರೆ ಏನೂ ಹೊಳೀಲಿಲ್ವಾ ನಿಂಗೆ?"

"ಹೊಳೀತು. ಅದು ಇದಕ್ಕಿಂತ ಕೆಟ್ಟದಿತ್ತು," ಎಂದ.

ಸಂಜೆಯೊಳಗೆ ಲೀಲಳ ಅಂಗಡಿಯಿಂದ ಸುದ್ದಿ ಮೇಲಿನ ಕೇರಿ ಮುಟ್ಟಿತು. ಮರುದಿನ ಬೆಳಿಗ್ಗೆ ನಾನು ಅಂಗಡಿ ತೆಗೆಯುವಾಗ ಕಡವಿನಲ್ಲಿ ಆರು ಜನ ನಿಂತಿದ್ದರು. ಒಬ್ಬಳ ಕೈಯಲ್ಲಿ ತೆಂಗಿನಕಾಯಿ, ಸೊಂಟ ನೋವಿಗೆ. ಒಬ್ಬನ ಕೈಯಲ್ಲಿ ಕೆಂಪು ಬಟ್ಟೆಯ ಗಂಟು, ಮಗನ ಪಾಸ್‌ಪೋರ್ಟಿಗೆ. "ರಾಮಾ, ಹೇಗೂ ಖಾಲಿ ಹೋಗ್ತೀಯ. ನಮ್ಮ ಹೆಸರಲ್ಲೂ ಒಂದು ಸಲ ಹೋಗಿಬಿಡು. ಕಾಯಿ ಆಚೆ ದಡದಲ್ಲಿ ಇಟ್ಟು ಬಾ." ರಾಮನ್‌ಗೆ ಒಂದು ಅಕ್ಷರ ಕೇಳಿಸಲಿಲ್ಲ. ಎದುರಿಗಿರುವವರು ನಕ್ಕರೆ ತಾನೂ ನಗುವುದು, ಅವರು ಗಂಭೀರವಾದರೆ ತಲೆಯಾಡಿಸುವುದು, ಇದು ಅವನ ರೂಢಿ. ತಲೆಯಾಡಿಸಿದ. ತೆಂಗಿನಕಾಯಿಗಳು ದೋಣಿ ಹತ್ತಿದವು. ಅಷ್ಟರಲ್ಲಿ ನವಿಲೂ ಕೂಗಿತು.

ನಾಲ್ಕು ದಿನ ಹೀಗೆ ನಡೆಯಿತು. ಜನ ಕೂರದ ದೋಣಿ ಗಡಿ ದಾಟಿ ದಿನಕ್ಕೆ ಇಪ್ಪತ್ತು ಸಲ ಹೋಗುತ್ತದೆ, ತುಂಬ ಕಾಯಿ, ಗಂಟು, ಪೊಟ್ಟಣ. ಗಡಿಯಲ್ಲಿ ಕಣ್ಣಿಟ್ಟು ಕೂತ ಅಬಕಾರಿಯವರಿಗೆ ಇದು ಹೇಗೆ ಕಂಡಿರಬೇಕು ನೀವೇ ಯೋಚಿಸಿ. ಐದನೇ ದಿನ ಹನ್ನೊಂದು ಗಂಟೆಗೆ ಜೀಪು ಬಂತು. ಇಳಿದವರು ಶಿಜು ಸಾರ್, ಅಬಕಾರಿ ಇನ್ಸ್‌ಪೆಕ್ಟರ್. ತೆಳ್ಳಗಿನ ಮನುಷ್ಯ, ಕನ್ನಡ ಅರ್ಥವಾಗುತ್ತದೆ ಎಂದು ನಮಗೆ ಗೊತ್ತಾಗದಂತೆ ಅರ್ಧ ಗಂಟೆ ಸುಮ್ಮನೆ ನಿಂತು ನಮ್ಮ ಮಾತೆಲ್ಲ ಕೇಳಿದವರು.

"ತೆಂಗಿನಕಾಯಿ ಒಡೀರಿ," ಎಂದರು.

"ಸಾರೇ, ಅದು ಹರಕೇದು!" ಎಂದು ಲೀಲ ಅಡ್ಡ ನಿಂತಳು.

"ಒಳಗೆ ಏನಿದೆ ಅಂತ ನೋಡಿ ಬಿಡ್ತೀನಿ ಚೇಚಿ."

"ತೆಂಗಿನಕಾಯಿ ಒಳಗೆ ಏನಿರತ್ತೆ ಸಾರೇ, ತೆಂಗಿನಕಾಯೇ ಇರತ್ತೆ!"

ಹನ್ನೊಂದು ಕಾಯಿ ಒಡೆದರು. ಒಳಗಿರುವುದು ನೀರೋ ಬೇರೇನೋ ಅಂತ ಖಚಿತವಾಗಬೇಕಲ್ಲ, ಪ್ರತಿಯೊಂದರಿಂದಲೂ ಶಿಜು ಸಾರ್ ಒಂದೊಂದು ಗುಟುಕು ಕುಡಿದರು. ಎಂಟನೆಯದು ಕೊಳೆತಿತ್ತು. ಅದನ್ನು ಕುಡಿದ ಮೇಲೆ ಅವರ ಮುಖದಲ್ಲಿ ಇದ್ದ ಸೌಜನ್ಯವೂ ಹೋಯಿತು. ಶೆಡ್ಡಿಗೆ ನುಗ್ಗಿ ಹುಡುಕಿದರು. ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಹಸಿರು ಬೋರ್ಡು, ವಯರು, ಮಿಣುಕು ದೀಪ, ಕೆಂಪು ಬಲ್ಬು. ಜೊತೆಗಿದ್ದ ಪೊಲೀಸಿನವನೊಬ್ಬ ನಿಧಾನಕ್ಕೆ ಹಿಂದೆ ಹಿಂದೆ ಹೋಗಿ ಹೊಳೆಗೆ ಇಳಿದು ನಿಂತ.

"ಇದೆಂತ ಸಾಧನ?"

ಪದ್ಮನಾಭನ್ ಮುಂದೆ ಬಂದ. ಎದೆ ಉಬ್ಬಿಸಿಕೊಂಡಿದ್ದ. "ಅದು ಸೌಂಡ್ ಕಾರ್ಡ್ ಸಾರೇ. ನಂದೇ. ಹಕ್ಕಿ ದನಿ ಕೇಳೋಕೆ ಇಟ್ಟದ್ದು. ನಂಗೆ ಹಕ್ಕಿ ಅಂದ್ರೆ ಪ್ರಾಣ."

"ಹಕ್ಕಿ ದನಿ ಕೇಳೋಕೆ ದೋಣಿ ಶೆಡ್ಡಲ್ಲಿ ಕೆಂಪು ಬಲ್ಬು ಯಾಕೆ?"

"ಖುಷಿಗೆ."

ಅಷ್ಟರಲ್ಲಿ ಆಚೆ ದಡದಲ್ಲಿ ನವಿಲು ಕೂಗಿತು. ಶಿಜು ಸಾರ್ ಕೈಯಲ್ಲೇ ಬಲ್ಬು ಹೊತ್ತಿತು. ಮೂಲೆಯಲ್ಲಿ ಹೆದರಿ ಕೂತಿದ್ದ ರಾಮನ್ ಬಲ್ಬು ನೋಡಿದ್ದೇ ತಡ, ಅಬಕಾರಿಯವರನ್ನೆಲ್ಲ ತಳ್ಳಿಕೊಂಡು ಹೋಗಿ ದೋಣಿ ಬಿಚ್ಚಿ ಹೊರಟೇಬಿಟ್ಟ. "ಏಯ್, ನಿಲ್ಲು!" ಎಂದು ಶಿಜು ಸಾರ್ ಕಿರುಚಿದರು. "ನಿಲ್ಲೋ!" ಮೂರು ಜನ ಕಿರುಚಿದರು. ರಾಮನ್ ಬೆನ್ನು ಅಲುಗಲಿಲ್ಲ, ಹುಟ್ಟು ಹಾಕುತ್ತಲೇ ಹೋದ.

ಶಿಜು ಸಾರ್ ಬಲ್ಬು ನೋಡಿದರು. ದೋಣಿ ನೋಡಿದರು. ಪದ್ಮನಾಭನ್ ಮುಖ ನೋಡಿದರು. ಅವರೇನು ದಡ್ಡರಲ್ಲ. ದನಿ ತಗ್ಗಿಸಿ, "ಇದು ನನ್ನ ಇಲಾಖೆ ವಿಷಯ ಅಲ್ಲ. ಆದ್ರೆ ನೋಡಿದ್ದನ್ನ ಬರೀದೆ ಇರೋಕಾಗಲ್ಲ," ಎಂದು ಡಬ್ಬಿಯನ್ನು ಜೀಪಿಗೆ ಹಾಕಿಸಿಕೊಂಡರು. ಅವರು ಬರೆದದ್ದು ಪಂಚಾಯತಿಗೆ ಹೋಯಿತು. ಪಂಚಾಯತಿನ ಸೆಕ್ರೆಟರಿ ಅಯ್ಯಪ್ಪನ್ ಸಾರ್, ಬರುವ ಗುರುವಾರ ತಾವೇ ಸೇತುವೆ ದಾರಿಯಲ್ಲಿ ಸುತ್ತಿ ಆಚೆ ದಡಕ್ಕೆ ಹೋಗಿ ನಿಂತು ದೋಣಿ ಕೂಗುವುದಾಗಿಯೂ, ದೋಣಿಯವನು ಕೇಳಿ ಬರುತ್ತಾನೋ ಇಲ್ಲವೋ ಪರೀಕ್ಷಿಸುವುದಾಗಿಯೂ, ದಡದ ಜನ ಯಾರೂ ಮಧ್ಯೆ ಬರಬಾರದೆಂದೂ ತಿಳಿಸಿದರು.

ಪದ್ಮನಾಭನ್ ಮೂರು ದಿನ ಅಂಗಡಿ ತೆಗೆಯಲಿಲ್ಲ. ಬುಧವಾರ ಸಂಜೆ ಹಲಗೆ ಸಂದಿಗೆ ಬಾಯಿಟ್ಟು, "ನಾನು ಸುಮ್ನೆ ಇದ್ದಿದ್ರೆ ಅವನು ಹೇಗೋ ಇರ್ತಿದ್ದ ಅಲ್ವಾ ಗಿರೀಶಾ?" ಎಂದ. ಹೌದು ಅನ್ನಬೇಕೆಂದಿದ್ದೆ. ಆ ದನಿ ಕೇಳಿ ಆಗಲಿಲ್ಲ. "ಊಟ ಮಾಡಿ ಮಲಗು," ಎಂದೆ.

ಗುರುವಾರ ಬಂತು. ರಾಮನ್ ಎಂದಿನಂತೆ ಶೆಡ್ಡಿನ ಮುಂದೆ ಹೊಳೆಗೆ ಬೆನ್ನು ಹಾಕಿ ಬಲೆ ಹಿಡಿದು ಕೂತಿದ್ದ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂತ ಅವನು ಕೂರುವುದೇ ಹಾಗೆ. ಪರೀಕ್ಷೆಯ ಸುದ್ದಿ ಅವನಿಗೂ ತಿಳಿದಿತ್ತು. ಆದರೆ ಹೊಸದಾಗಿ ಹೊಳೆ ಕಡೆ ಮುಖ ಮಾಡಿ ಕೂತರೆ ಜನರಿಗೆ ಸಂಶಯ ಬರುತ್ತದೆ ಅಂತ ಅವನ ಲೆಕ್ಕ. ಲೀಲ ಅಂಗಡಿಯಲ್ಲಿ. ಶಾಂತ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಗ್ರೀಷ್ಮ ಆಲದ ಮರದ ಕೆಳಗೆ ಸ್ಕೂಟರ್ ಮೇಲೆ. ಪದ್ಮನಾಭನ್ ಎಲ್ಲಿದ್ದಾನೋ ಕಾಣಲಿಲ್ಲ. ಎಲ್ಲರೂ ಬೇರೆ ಬೇರೆ ದಿಕ್ಕು ನೋಡುತ್ತಿದ್ದೆವು.

ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ರಾಮನ್ ಕಿವಿಯ ವಿಷಯ ನನಗೆ ಪದ್ಮನಾಭನ್ ಹೇಳುವ ಮೂರು ವರ್ಷ ಮೊದಲೇ ಗೊತ್ತಿತ್ತು. ಆಚೆಯಿಂದ ಯಾರಾದರೂ ಕೂಗಿದರೆ ನಾನು ಅಂಗಡಿಯ ಮುಂದಿನ ದಾರಕ್ಕೆ ಒಂದು ಕೆಂಪು ಲೈನಿಂಗ್ ಬಟ್ಟೆ ನೇತುಹಾಕುತ್ತಿದ್ದೆ. ರಾಮನ್ ಅದನ್ನು ನೋಡಿ ಏಳುತ್ತಿದ್ದ. ಅದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ. ಈ ಲೋಕದಲ್ಲಿ ಈ ಗುಟ್ಟು ಗೊತ್ತಿರುವವನು ನಾನೊಬ್ಬನೇ ಅಂತ ಹೆಮ್ಮೆಯಿಂದ ಇದ್ದೆ.

ಹನ್ನೆರಡೂ ಕಾಲಿಗೆ ಆಚೆ ದಡದಿಂದ ಕೇಳಿಸಿತು: "ಪೂ…ಯ್."

ಸರ್ಕಾರಿ ಪೂಯ್. ಗಂಟಲು ಒಣಗಿದ ದನಿ. ರಾಮನ್ ಬಲೆಯಲ್ಲಿ ಗಂಟು ಹಾಕುತ್ತಿದ್ದ.

ನಾನು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೆಂಪು ಬಟ್ಟೆ ಎತ್ತಿದೆ. ಅದೇ ಹೊತ್ತಿಗೆ ಲೀಲ ಚಹಾ ಲೋಟ ಹಿಡಿದು, ಬಿಸಿ ಚಹಾ ಕೈಮೇಲೆ ಚೆಲ್ಲುತ್ತಿದ್ದರೂ ಲೆಕ್ಕಿಸದೆ, ರಾಮನ್ ಕಡೆಗೆ ಓಡುವುದು ಕಾಣಿಸಿತು. ಅವನು ಚಹಾ ಕೇಳಿರಲಿಲ್ಲ. ಒಗೆಯುವ ಕಲ್ಲಿನಿಂದ ಶಾಂತ ಒಂದೊಂದೇ ಬೆಣಚುಕಲ್ಲು ಆರಿಸಿ ಗಂಡನ ಬೆನ್ನಿಗೆ ಎಸೆಯುತ್ತಿದ್ದಳು, ಗುರಿ ನೋಡಿದರೆ ಹಳೇ ಅಭ್ಯಾಸ ಅಂತ ಗೊತ್ತಾಗುತ್ತಿತ್ತು. ಗ್ರೀಷ್ಮ ಮರದ ಹಿಂದೆ ಬಗ್ಗಿ ಫೋನು ಒತ್ತುತ್ತಿದ್ದಳು. ರಾಮನ್ ಅಂಗಿ ಜೇಬಿನಲ್ಲಿ ಫೋನು ಗಡಗಡ ನಡುಗತೊಡಗಿತು. ಕೊನೆಗೆ ಶೆಡ್ಡಿನ ಹಿಂದಿನಿಂದ ಪದ್ಮನಾಭನ್ ಹಾರಿ ಬಂದು, ಉರಿ ಬಿಸಿಲಿನಲ್ಲಿ ದೊಡ್ಡದೊಂದು ಟಾರ್ಚನ್ನು ರಾಮನ್ ಮುಖಕ್ಕೆ ಹಿಡಿದು ಹಚ್ಚಿ ಆರಿಸಿ, ಹಚ್ಚಿ ಆರಿಸಿ 'ಬಲ್ಬು, ಬಲ್ಬು' ಎಂದು ಕುಣಿದ. ಟಾರ್ಚಿನ ಗಾಜಿಗೆ ಕೆಂಪು ಕಾಗದ ಅಂಟಿಸಿದ್ದ.

ಬೆನ್ನಿಗೆ ಕಲ್ಲು, ಎದೆಗೆ ಫೋನು, ಕಣ್ಣಿಗೆ ಟಾರ್ಚು, ಮೂಗಿನ ಕೆಳಗೆ ಚಹಾ, ದಿಬ್ಬದ ಮೇಲೆ ನನ್ನ ಬಟ್ಟೆ. ರಾಮನ್ ಬಲೆ ಎಸೆದು ಎದ್ದು ನಿಂತ.

"ಎಲ್ರೂ ಒಟ್ಟಿಗೆ ಹೇಳಿದ್ರೆ ನಾನು ಎಷ್ಟು ದೋಣಿ ತಕ್ಕೊಂಡು ಹೋಗ್ಲಿ? ಮೊದ್ಲಿನ ಹಾಗೆ ಒಬ್ಬೊಬ್ರೇ ಹೇಳೋಕೆ ಏನಾಗಿದೆ ನಿಮ್ಗೆ?" ಎಂದು ಗದರಿ, ಲೋಟದ ಚಹಾ ಒಂದೇ ಗುಟುಕಿಗೆ ಕುಡಿದು ದೋಣಿಗೆ ಇಳಿದ.

ನಾವು ಐದು ಜನ ಒಬ್ಬರ ಮುಖ ಒಬ್ಬರು ನೋಡಿದೆವು. "ನಿಂಗೂ ಗೊತ್ತಿತ್ತಾ?" ಎಂದು ಕೇಳಿದಳು ಲೀಲ ನನ್ನನ್ನು. "ನಿಂಗೆ ಗೊತ್ತಿತ್ತಾ?" ಎಂದೆ. ಗ್ರೀಷ್ಮ ಫೋನು ಬ್ಯಾಗಿಗೆ ತುರುಕುತ್ತ, "ಆ ಕಿವಿ ಪರೀಕ್ಷೆ ಕಾಗದ ಎರಡು ವರ್ಷ ಫೈಲ್ ಕೆಳಗೆ ಒತ್ತಿ ಇಟ್ಟವಳು ನಾನು," ಎಂದಳು. ಶಾಂತ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಪದ್ಮನಾಭನ್ ಮಾತ್ರ ಟಾರ್ಚು ಹಿಡಿದೇ ನಿಂತಿದ್ದ. "ಎಲ್ರಿಗೂ ಗೊತ್ತಿತ್ತು ಅಂದ್ರೆ ನಾನು ಮೂರು ಸೌಂಡ್ ಕಾರ್ಡ್ ಯಾಕೆ ತರಿಸ್ದೆ?"

"ಎರಡು," ಎಂದೆ. "ಮೊದಲನೆಯದು ಕಂಪ್ಯೂಟರ್."

ನಗು ಹೆಚ್ಚು ಹೊತ್ತು ಉಳಿಯಲಿಲ್ಲ, ಯಾಕೆಂದರೆ ಆಗ ನಮಗೆ ಒಂದು ವಿಷಯ ಹೊಳೆಯಿತು. ನಾವು ಮರದ ಹಿಂದೆ, ಶೆಡ್ಡಿನ ಹಿಂದೆ, ಕಲ್ಲಿನ ಮೇಲೆ ಅಡಗಿದ್ದು ಒಬ್ಬರಿಂದ ಒಬ್ಬರು. ಆಚೆ ದಡದಲ್ಲಿ ನಿಂತವರಿಗೆ ನಮ್ಮ ದಡ ಪೂರ್ತಿ, ಈ ಕೊನೆಯಿಂದ ಆ ಕೊನೆಗೆ, ಒಂದೇ ನೋಟಕ್ಕೆ ಕಾಣುತ್ತದೆ. ಅಯ್ಯಪ್ಪನ್ ಸಾರ್ ಕಪ್ಪು ಕೊಡೆ ಹಿಡಿದು ನಮ್ಮನ್ನೇ ನೋಡುತ್ತ ನಿಂತಿದ್ದರು.

ದೋಣಿ ಅವರನ್ನು ಹತ್ತಿಸಿಕೊಂಡು ತಿರುಗಿತು. ನಡುಹೊಳೆಯಲ್ಲಿ ಸಾರ್ ರಾಮನ್‌ಗೆ ಏನೋ ಕೇಳುವುದು ಕಂಡಿತು. ಅವರ ಮುಖ ಗಂಭೀರವಾಗಿತ್ತು, ಹಾಗಾಗಿ ರಾಮನ್ ತಲೆಯಾಡಿಸಿದ. ಇಳಿದ ಮೇಲೆ ಸಾರ್ ನಮ್ಮ ಕಡೆ ನೋಡದೆ ನೇರ ಲೀಲಳ ಅಂಗಡಿಗೆ ಹೋಗಿ ಕೂತರು. ಚಹಾ ಕುಡಿದರು. ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. "ನನ್ನ ಅಮ್ಮನಿಗೂ ಕೇಳಿಸ್ತಿರಲಿಲ್ಲ," ಎಂದರು. ಬರೆದರು, ಸಹಿ ಹಾಕಿದರು, ಕಾಗದ ಗ್ರೀಷ್ಮ ಕೈಗೆ ಕೊಟ್ಟು ಜೀಪು ಬರುವ ರಸ್ತೆಗೆ ನಡೆದರು.

ಗ್ರೀಷ್ಮ ಮಲಯಾಳದಲ್ಲಿದ್ದದ್ದನ್ನು ಕನ್ನಡ ಮಾಡಿ ಓದಿದಳು. "ಕಡವಿನಲ್ಲಿ ಖುದ್ದಾಗಿ ಪರೀಕ್ಷಿಸಲಾಯಿತು. ಒಂದೇ ಕೂಗಿಗೆ ದೋಣಿ ಬಂದಿದೆ. ಈ ಕಡವಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಈಗಿರುವ ದೋಣಿಯವರನ್ನೇ ಮುಂದುವರಿಸಬಹುದು. ಅಬಕಾರಿಯವರು ಒಯ್ದ ಡಬ್ಬಿಯನ್ನು ಯಜಮಾನರಿಗೆ ಹಿಂತಿರುಗಿಸುವುದು."

ದೋಣಿ ಕಟ್ಟಿ ಮೇಲೆ ಬಂದ ರಾಮನ್ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ನಗಬೇಕೋ ತಲೆಯಾಡಿಸಬೇಕೋ ಅವನಿಗೆ ಗೊತ್ತಾಗಲಿಲ್ಲ. "ಏನು ಬರ್ದಿದಾರೆ?" ಎಂದ ಸಣ್ಣ ದನಿಯಲ್ಲಿ.

ಇಷ್ಟು ವರ್ಷ ಅವನ ಮುಂದೆ ನಾವ್ಯಾರೂ ದನಿ ಎತ್ತಿರಲಿಲ್ಲ, ಎತ್ತಿದರೆ ಗುಟ್ಟು ಹೊರಬೀಳುತ್ತದೆ ಅಂತ. ಈಗ ಐದು ಜನವೂ ಅವನ ಕಿವಿಯ ಹತ್ತಿರ ಹೋಗಿ, ಹೊಳೆ ದಡದ ಕೊಕ್ಕರೆಗಳೆಲ್ಲ ಎದ್ದು ಹಾರುವಷ್ಟು ಜೋರಾಗಿ ಕೂಗಿದೆವು: "ದೋಣಿ ನಿಂದೇ!"

ರಾಮನ್ ಕಣ್ಣಲ್ಲಿ ನೀರು ಬಂತು. ಅವನಿಗೆ ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

"ಇನ್ನೊಂದ್ಸಲ ಹೇಳಿ," ಎಂದ.

ಹೇಳಿದೆವು.